ಗೋಡೆಯ ಗಾರೆ ಮತ್ತು ಮನೆಯವರ ಆರೋಗ್ಯ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಆದರೆ ಕಟ್ಟಿದ ಮನೆಯನ್ನು ಕಾಪಾಡಿಕೊಳ್ಳುವ ಕಷ್ಟವನ್ನು ಈ ಗಾದೆ ಹೇಳದೆ ಬಿಟ್ಟಿದೆ. ವಿಜಯಪುರ, ಕಲಬುರಗಿ, ಬೆಳಗಾವಿ, ಧಾರವಾಡಗಳ ಕಡೆಯಿಂದ ಉದ್ಯೋಗವನ್ನರಸಿ ಪುಣೆಗೆ ಬಂದು, ಭವಿಷ್ಯನಿಧಿಯ ಹಣವನ್ನೂ ಬ್ಯಾಂಕಿನ ಸಾಲವನ್ನೂ ಕೂಡಿಸಿ ಯೆರವಡಾದಲ್ಲಿ ಸ್ವಂತದ್ದೊಂದು ಸೂರು ಮಾಡಿಕೊಂಡ ಸಂಸಾರವನ್ನು ಊಹಿಸಿಕೊಳ್ಳಬಹುದು. ಹದಿನೈದು ಇಪ್ಪತ್ತು ವರ್ಷಗಳು ಕಳೆಯುತ್ತವೆ. ಪ್ರತಿ ಮಳೆಗಾಲದಲ್ಲಿ ಮಲಗುವ ಕೋಣೆಯ ಮೂಲೆಯೊಂದು ಕಪ್ಪಾಗುತ್ತದೆ. ಪ್ರತಿ ದೀಪಾವಳಿಗೆ ಅದರ ಮೇಲೆ ಹೊಸ ಬಣ್ಣ ಬೀಳುತ್ತದೆ. ಆ ಕೋಣೆಯಲ್ಲಿ ಮಲಗುವ ಮಗುವಿನ ಕೆಮ್ಮಿಗೆ ಆಗಸ್ಟ್ ತಿಂಗಳಲ್ಲಿ ವೈದ್ಯರ ಬಳಿ ಹೋಗುವುದೂ ವಾಡಿಕೆಯಾಗುತ್ತದೆ. ಬಣ್ಣದ ಖರ್ಚು ಬೇರೆ, ಔಷಧದ ಖರ್ಚು ಬೇರೆ ಎಂದು ಮನೆಯ ಯಜಮಾನ ಲೆಕ್ಕ ಬರೆಯುತ್ತಾನೆ. ಎರಡಕ್ಕೂ ಮೂಲ ಒಂದೇ ಇರಬಹುದು, ಅದು ಹೊರಗೋಡೆಯ ಗಾರೆಯಲ್ಲಿರಬಹುದು ಎಂಬುದು ಅವನಿಗೆ ಹೊಳೆಯುವುದಿಲ್ಲ.

ಗಾರೆ, ಅಂದರೆ ಉತ್ತರ ಕರ್ನಾಟಕದವರ ಗಿಲಾವು, ಮನೆಗೆ ಚರ್ಮವಿದ್ದಂತೆ. ಬಿಸಿಲು, ಮಳೆ, ಗಾಳಿ ಎಲ್ಲವನ್ನೂ ಮೊದಲು ತಾಳಿಕೊಳ್ಳುವುದು ಅದು. ಯೆರವಡಾದಂತಹ ಸ್ಥಳದಲ್ಲಿ ಈ ಚರ್ಮಕ್ಕೆ ಇಮ್ಮಡಿ ಪರೀಕ್ಷೆ. ಪುಣೆ ನಗರವು ಸಹ್ಯಾದ್ರಿಯ ಮಳೆಯ ನೆರಳಿನಲ್ಲಿದೆ. ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಮಿಕ್ಕಿ ಮಳೆಯಾದರೆ ಇಲ್ಲಿ ಬೀಳುವುದು ಸುಮಾರು 700 ಮಿಲಿಮೀಟರು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಉಳಿದ ಅವಧಿಯೆಲ್ಲ ಬಹುಮಟ್ಟಿಗೆ ಒಣಹವೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣತೆ 40 ಡಿಗ್ರಿಯ ಸಮೀಪಕ್ಕೆ ಏರುತ್ತದೆ, ರಾತ್ರಿ ಸಾಕಷ್ಟು ಇಳಿಯುತ್ತದೆ. ಹಗಲು ಹಿಗ್ಗಿ ರಾತ್ರಿ ಕುಗ್ಗುವ ಗಾರೆಯಲ್ಲಿ ಕೂದಲೆಳೆಯಷ್ಟು ಬಿರುಕುಗಳು ಮೂಡುತ್ತವೆ. ಜೈಸಲ್ಮೇರಿನಂತಹ ಮರುಭೂಮಿಯ ಊರಿನಲ್ಲಿ ಗೋಡೆಗೆ ಬಿಸಿಲೇ ಮುಖ್ಯ ವೈರಿ. ಇಲ್ಲಿಯಾದರೋ ಬಿಸಿಲು ತೆರೆದ ಬಾಗಿಲಿನಿಂದ ಮಳೆ ಒಳನುಗ್ಗುತ್ತದೆ. ಮುಂಗಾರಿನ ಗಾಳಿ ಬೀಸಿ ಬರುವ ಪಶ್ಚಿಮ ಮತ್ತು ನೈಋತ್ಯ ದಿಕ್ಕಿನ ಗೋಡೆಗಳಿಗೆ ಹೊಡೆತ ಹೆಚ್ಚು.

ಯೆರವಡಾದ ಹಳೆಯ ಕಟ್ಟಡಗಳನ್ನು ನೋಡಿದರೆ ಹಿಂದಿನವರು ಈ ಹವೆಯನ್ನು ಎದುರಿಸಿದ ಎರಡು ಬಗೆಗಳು ಕಾಣುತ್ತವೆ. 1860ರ ದಶಕದಲ್ಲಿ ಎದ್ದ ಡೆಕ್ಕನ್ ಕಾಲೇಜಿನ ಕಟ್ಟಡವು ದಖ್ಖನಿನ ಕರಿಗಲ್ಲನ್ನೇ ಹೊರಗೆ ತೋರಿಸಿ ನಿಂತಿದೆ. ಮೂರನೆಯ ಆಗಾಖಾನರು ಕ್ಷಾಮಪೀಡಿತರಿಗೆ ಕೆಲಸ ಒದಗಿಸಲೆಂದು 1892ರಲ್ಲಿ ಕಟ್ಟಿಸಿದ ಅರಮನೆಯಾದರೋ ಗಾರೆಯ ಮೈಯುಳ್ಳದ್ದು. ಗಾಂಧೀಜಿಯವರು 1942ರಿಂದ 1944ರವರೆಗೆ ಬಂಧನದಲ್ಲಿದ್ದುದು, ಕಸ್ತೂರಬಾ ಅವರು 1944ರ ಫೆಬ್ರುವರಿ 22ರಂದು ಕೊನೆಯುಸಿರೆಳೆದುದು ಇಲ್ಲಿಯೇ. ಪ್ರತಿ ವರ್ಷ ಈ ಸ್ಮಾರಕವನ್ನು ನೋಡಲು ಹೋಗುವ ಕನ್ನಡಿಗರು ಅದರ ಗೋಡೆಯ ಕಡೆಗೂ ಒಮ್ಮೆ ಕಣ್ಣು ಹಾಯಿಸಬಹುದು. ಕೋಣೆಗಳ ಸುತ್ತ ಅಗಲವಾದ ಮೊಗಸಾಲೆ, ಅದರ ಮುಂದೆ ಕಮಾನುಗಳ ಸಾಲು. ಮಳೆಯೂ ಬಿಸಿಲೂ ಕೋಣೆಯ ಗೋಡೆಯನ್ನು ನೇರವಾಗಿ ಮುಟ್ಟುವುದೇ ಅಪರೂಪ. ಇಂದಿನ ಮನೆಗಳಲ್ಲಿ ಮೊಗಸಾಲೆ ಮಾಯವಾಗಿದೆ, ಕಿಟಕಿಯ ಮೇಲಿನ ಛಜ್ಜಾ ಸಹ ಗಿಡ್ಡಾಗಿದೆ. ಆದ್ದರಿಂದ ಗಾರೆಯ ಮೇಲಿನ ಹೊಣೆ ಇಂದು ಹೆಚ್ಚಾಗಿದೆ.

ಸುಣ್ಣ ಬೇರೆ, ಸಿಮೆಂಟು ಬೇರೆ

ಗಾರೆಯ ವಿದ್ಯೆ ಕನ್ನಡನಾಡಿಗೆ ಹೊಸದಲ್ಲ. ಕಲಬುರಗಿ, ಬೀದರುಗಳ ಬಹಮನಿ ಗೋರಿಗಳ ಮೇಲಿನ ಗಾರೆಯ ಕುಸುರಿ ಪ್ರಸಿದ್ಧವಾದುದು. ವಿಜಯಪುರದ ಗೋಲಗುಮ್ಮಟದ ಮಹಾಗುಮ್ಮಟ ಇಟ್ಟಿಗೆ ಮತ್ತು ಸುಣ್ಣದ ಗಾರೆಯದು. ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಮಾರು 900 ಡಿಗ್ರಿಯಲ್ಲಿ ಸುಟ್ಟಾಗ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟಸುಣ್ಣ ಉಳಿಯುತ್ತದೆ. ಅದನ್ನು ನೀರಿನಲ್ಲಿ ಅರಳಿಸಿ ಮರಳಿನೊಡನೆ ಅರೆದು ಬಳಿದರೆ, ಗಾಳಿಯಲ್ಲಿರುವ ಅದೇ ಅನಿಲವನ್ನು ನಿಧಾನವಾಗಿ ಹೀರಿ ಮತ್ತೆ ಕಲ್ಲಾಗುತ್ತದೆ. ಅಳಲೆಕಾಯಿಯ ನೀರು, ಬೆಲ್ಲ ಮೊದಲಾದುವನ್ನು ಬೆರೆಸುವ ಪದ್ಧತಿಯೂ ಇತ್ತು.

ಸುಣ್ಣದ ಗಾರೆ ಮೃದು. ಗೋಡೆಯೊಳಗೆ ಸೇರಿದ ತೇವ ಅದರ ಮೂಲಕ ಆವಿಯಾಗಿ ಹೊರಬೀಳುತ್ತದೆ. ಸಿಮೆಂಟಿನ ಗಾರೆ ಗಡುಸು, ತೇವವನ್ನು ಅಷ್ಟು ಸುಲಭವಾಗಿ ಹೊರಬಿಡದು. ಹೀಗಾಗಿ ಹಳೆಯ ಸುಣ್ಣದ ಗೋಡೆಗೆ ಸಿಮೆಂಟಿನ ತೇಪೆ ಹಾಕುವುದು ಉಪಕಾರದ ಬದಲು ಅಪಕಾರ. ತೇವವು ತೇಪೆಯ ಹಿಂದೆ ಸಿಕ್ಕಿಕೊಂಡು ಸುತ್ತಲಿನ ಒಳ್ಳೆಯ ಗಾರೆಯನ್ನೂ ಸಡಿಲಿಸುತ್ತದೆ. ಸುಣ್ಣಕ್ಕೆ ಸುಣ್ಣ, ಸಿಮೆಂಟಿಗೆ ಸಿಮೆಂಟು ಎಂಬುದು ದುರಸ್ತಿಯ ಮೊದಲ ನಿಯಮ.

ರೋಗನಿದಾನ

ವೈದ್ಯರು ಬೆನ್ನಿನ ಮೇಲೆ ಬೆರಳು ತಟ್ಟಿ ನೋಡುವಂತೆ ಗೋಡೆಯನ್ನೂ ತಟ್ಟಿ ನೋಡಬೇಕು. ಮರದ ಸುತ್ತಿಗೆಯಿಂದ ಮೆಲ್ಲನೆ ಬಡಿದಾಗ ಗಟ್ಟಿಯಾದ ಸದ್ದು ಬಂದರೆ ಗಾರೆ ಗೋಡೆಯನ್ನು ಹಿಡಿದುಕೊಂಡಿದೆ ಎಂದರ್ಥ. ಪೊಳ್ಳು ಸದ್ದು ಬಂದರೆ ಅದು ಗೋಡೆಯನ್ನು ಬಿಟ್ಟಿದೆ. ಬಾಲ್ಕನಿಯ ಅಡಿಯಲ್ಲಿ, ಜನ ನಡೆದಾಡುವ ದಾರಿಯ ಮೇಲೆ ಇಂತಹ ಪೊಳ್ಳು ಭಾಗವಿದ್ದರೆ ಒಂದು ದಿನವೂ ತಡಮಾಡಬಾರದು. ಎರಡು ಮೂರು ಮಹಡಿಯ ಎತ್ತರದಿಂದ ಬೀಳುವ ಅಂಗೈಯಗಲದ ಚೂರು ಕೂಡ ತಲೆಯೊಡೆಯಬಲ್ಲದು.

ಬಿರುಕುಗಳೆಲ್ಲವೂ ಒಂದೇ ಜಾತಿಯವಲ್ಲ. ಬಲೆಯಂತೆ ಹರಡಿದ ಕೂದಲೆಳೆಯ ಬಿರುಕು ಗಾರೆಯು ಬೇಗ ಒಣಗಿದ್ದರ ಗುರುತು, ಅದರಿಂದ ಭಯವಿಲ್ಲ. ಕಾಂಕ್ರೀಟಿನ ಕಂಬವೂ ಇಟ್ಟಿಗೆಯ ಗೋಡೆಯೂ ಕೂಡುವಲ್ಲಿ ಮೂಡುವ ನೇರವಾದ ಬಿರುಕಿಗೆ ಕಾರಣ, ಎರಡೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವುದು. ಮಾಳಿಗೆಯ ಚಪ್ಪಡಿಯ ಕೆಳಗೆ ಅಡ್ಡಲಾಗಿ ಓಡುವ ಬಿರುಕನ್ನು ಸಾಮಾನ್ಯವಾಗಿ ಚಪ್ಪಡಿಗೆ ತಾಗುವ ಬಿಸಿಲು ಉಂಟುಮಾಡುತ್ತದೆ. ಮೆಟ್ಟಿಲಿನಂತೆ ಓರೆಯಾಗಿ ಇಳಿದು ವರ್ಷದಿಂದ ವರ್ಷಕ್ಕೆ ಅಗಲವಾಗುವ ಬಿರುಕು ಮಾತ್ರ ತಳಪಾಯದ ದೂರನ್ನು ಹೇಳುತ್ತಿರಬಹುದು, ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವ ಮಣ್ಣಾದ್ದರಿಂದ. ಬಿರುಕಿನ ಎರಡು ತುದಿಗಳಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆದಿಟ್ಟರೆ ಅದು ಬೆಳೆಯುತ್ತಿದೆಯೋ ಇಲ್ಲವೋ ಆರು ತಿಂಗಳಲ್ಲಿ ತಿಳಿಯುತ್ತದೆ. ಬೆಳೆಯುತ್ತಿದ್ದರೆ ಗೌಂಡಿಯನ್ನಲ್ಲ, ಇಂಜಿನಿಯರನ್ನು ಕರೆಯಬೇಕು. ಬಿರುಕಿನಿಂದ ಕಂದುಬಣ್ಣದ ನೀರು ಒಸರಿದ್ದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದಿದೆ. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗವನ್ನು ಬೇಡುವುದರಿಂದ ಕಾಂಕ್ರೀಟನ್ನೇ ಸೀಳುತ್ತದೆ. ಇದಕ್ಕೂ ಇಂಜಿನಿಯರರ ಸಲಹೆ ಅಗತ್ಯ.

ಕಲೆ ಕಂಡಲ್ಲಿಯೇ ನೀರು ಹೊಕ್ಕಿರಬೇಕೆಂದೇನೂ ಇಲ್ಲ. ಮಾಳಿಗೆಯ ಮೋಟುಗೋಡೆಯ ತಲೆ, ಒಡೆದ ಮಳೆನೀರಿನ ಕೊಳವೆ, ಸ್ನಾನದ ಮನೆಯ ಪೈಪು ಹೊರಬರುವ ತೂತು, ಛಜ್ಜಾದ ಅಡಿಯಲ್ಲಿ ನೀರು ತೊಟ್ಟಿಕ್ಕಲು ಇರಬೇಕಾದ ಗೀರು ಮುಚ್ಚಿಹೋಗಿರುವುದು, ಬಾಲ್ಕನಿಯ ಹೂಕುಂಡಗಳು, ಸಂದಿನಲ್ಲಿ ಚಿಗುರಿದ ಅರಳಿಯ ಸಸಿ ಇವೆಲ್ಲ ನೀರಿನ ಹೆದ್ದಾರಿಗಳು. ನೆಲದಿಂದ ಎರಡು ಮೂರು ಅಡಿಯವರೆಗೆ ಬಿಳಿಯ ಉಪ್ಪಿನ ಪುಡಿ ಉದುರುತ್ತಿದ್ದರೆ ತೇವ ಭೂಮಿಯಿಂದ ಏರುತ್ತಿರಬಹುದು. ಆ ಪುಡಿಯನ್ನು ನೀರಿನಿಂದ ತೊಳೆದರೆ ಉಪ್ಪು ಕರಗಿ ಮತ್ತೆ ಒಳಸೇರುತ್ತದೆ, ಒಣ ಬ್ರಷ್‌ನಿಂದ ಕೆರೆದು ಗುಡಿಸಿ ಹಾಕಬೇಕು. ಮೂಲವನ್ನು ಮುಚ್ಚದೆ ಮೇಲೆ ಬಣ್ಣ ಬಳಿಯುವುದು ಜ್ವರದ ಕಾರಣ ಹುಡುಕದೆ ಹಣೆಗೆ ತಣ್ಣೀರುಬಟ್ಟೆ ಹಾಕುತ್ತ ಕುಳಿತಂತೆ.

ಚಿಕಿತ್ಸೆ ಮತ್ತು ಕಾಲ

ಪುಣೆಯಲ್ಲಿ ಹೊರಗೋಡೆಯ ಕೆಲಸವನ್ನು ಮೇ ತಿಂಗಳ ಕೊನೆಯಲ್ಲಿ, ಮಳೆ ಬಂದೀತೆಂಬ ಅವಸರದಲ್ಲಿ ಮಾಡಿಸುವವರೇ ಬಹಳ. ಇದಕ್ಕಿಂತ ಕೆಟ್ಟ ಕಾಲವಿಲ್ಲ. ಸಿಮೆಂಟು ಗಟ್ಟಿಯಾಗುವುದು ಒಣಗುವುದರಿಂದಲ್ಲ, ನೀರಿನೊಡನೆ ನಡೆಯುವ ರಾಸಾಯನಿಕ ಕ್ರಿಯೆಯಿಂದ. ಬೇಸಿಗೆಯ ಬಿಸಿಲು ಆ ನೀರನ್ನು ಕೆಲವೇ ಗಂಟೆಗಳಲ್ಲಿ ಕಸಿದುಕೊಂಡರೆ ಗಾರೆ ಉಗುರಿಗೆ ಉದುರುವಷ್ಟು ದುರ್ಬಲವಾಗುತ್ತದೆ. ಮಳೆ ಹಿಂದೆಗೆದ ಮೇಲೆ, ಅಕ್ಟೋಬರ್ ನಡುವಿನಿಂದ ಫೆಬ್ರುವರಿಯವರೆಗಿನ ಕಾಲ ಉತ್ತಮ. ಮಳೆಗಾಲ ಬಿಟ್ಟುಹೋದ ಕಲೆಗಳು ಆಗ ಇನ್ನೂ ಕಾಣುತ್ತಿರುವುದರಿಂದ ನೀರಿನ ದಾರಿಯನ್ನು ಗುರುತಿಸುವುದೂ ಸುಲಭ.

ಪೊಳ್ಳಾದ ಗಾರೆಯನ್ನು ಗಟ್ಟಿಯಾದ ಅಂಚು ಸಿಗುವವರೆಗೆ ಕಿತ್ತುಹಾಕಬೇಕು. ಇಟ್ಟಿಗೆಯ ಸಂದುಗಳನ್ನು ಸುಮಾರು 10 ಮಿಲಿಮೀಟರು ಆಳಕ್ಕೆ ಕೆದಕಿ, ಧೂಳು ತೆಗೆದು, ಗೋಡೆಯನ್ನು ಚೆನ್ನಾಗಿ ನೆನೆಸಬೇಕು. ಕಂಬ ಗೋಡೆಗಳ ಕೂಡುಭಾಗದಲ್ಲಿ ತಂತಿಬಲೆ ಬಡಿಯಬೇಕು. ಪುಣೆಯಲ್ಲಿ ರೂಢಿಯಲ್ಲಿರುವ ಮರಳುಮುಖದ ಗಾರೆಗೆ ಎರಡು ಪದರಗಳು. ಮೊದಲನೆಯದು 12ರಿಂದ 15 ಮಿಲಿಮೀಟರು ದಪ್ಪ, ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳು. ಎರಡನೆಯದು 6ರಿಂದ 8 ಮಿಲಿಮೀಟರು. ಹೊರಪದರವು ಒಳಪದರಕ್ಕಿಂತ ಗಡುಸಾಗಿರಬಾರದು, ಆದ್ದರಿಂದ ಅದಕ್ಕೆ ಸಿಮೆಂಟು ಹೆಚ್ಚು ಸುರಿಯುವುದು ಜಾಣತನವಲ್ಲ. ಅಂಗೈಯಲ್ಲಿ ತಿಕ್ಕಿದಾಗ ಮಣ್ಣು ಅಂಟುವ ಮರಳನ್ನು ತೊಳೆಯದೆ ಬಳಸಬಾರದು. ನೀರು ಹಾಕಿ ಕಲಸಿದ ಗಾರೆಯನ್ನು ಅರ್ಧ ಗಂಟೆಯೊಳಗೆ ಮುಗಿಸಬೇಕು, ಬಿಗಿದುಕೊಂಡದ್ದಕ್ಕೆ ಮತ್ತೆ ನೀರು ಬೆರೆಸಬಾರದು.

ಅನುಭವಿ ಗೌಂಡಿ ಕೆಲಸ ಮುಗಿಸಿ ಹೋಗುವಾಗ ‘ಯಜಮಾನ್ರ, ವಾರದ ತನಕ ನೀರ ಹೊಡಿಯೂದ ಬಿಡಬ್ಯಾಡ್ರಿ’ ಎಂದು ಹೇಳಿಹೋಗುತ್ತಾನೆ. ಈ ಒಂದು ಮಾತಿನಲ್ಲಿ ಅರ್ಧ ವಿದ್ಯೆ ಅಡಗಿದೆ. ಕನಿಷ್ಠ ಏಳು ದಿನ, ಒಣಹವೆಯಲ್ಲಿ ಹತ್ತು ದಿನ ಗಾರೆಯನ್ನು ಸದಾ ತೇವವಾಗಿಡಬೇಕು, ಬಿಸಿಲು ಬೀಳುವ ಗೋಡೆಗೆ ಒದ್ದೆ ಗೋಣಿತಟ್ಟು ಇಳಿಬಿಡಬೇಕು. ಬಣ್ಣಕ್ಕೆ ಸುಮಾರು ನಾಲ್ಕು ವಾರ ಕಾಯಬೇಕು. ಒದ್ದೆ ಗೋಡೆಗೆ ನೀರುನಿರೋಧಕ ಬಣ್ಣ ಬಳಿದರೆ ಅದು ಬೊಬ್ಬೆಯೆದ್ದು ಸಿಪ್ಪೆಯಾಗಿ ಸುಲಿಯುತ್ತದೆ.

ಮನೆಯವರ ಆರೋಗ್ಯ, ಗೌಂಡಿಯ ಆರೋಗ್ಯ

ತೇವದ ಗೋಡೆಯ ಒಳಮೈಯಲ್ಲಿ ಬೆಳೆಯುವ ಬೂಷ್ಟಿನ ಕಣಗಳು ಉಸಿರಿನೊಡನೆ ದೇಹ ಸೇರುತ್ತವೆ. ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ವಾಸಿಸುವವರಿಗೆ ಕೆಮ್ಮು, ಉಬ್ಬಸ, ಆಸ್ತಮಾ ತೊಂದರೆಗಳು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಪ್ರಕಟಿಸಿದ ಮಾರ್ಗದರ್ಶಿಯಲ್ಲಿ ತಿಳಿಸಿದೆ. ಮಕ್ಕಳು, ವೃದ್ಧರು, ಮೊದಲೇ ಆಸ್ತಮಾ ಇರುವವರು ಅಂತಹ ಕೋಣೆಯಲ್ಲಿ ಮಲಗದಿರುವುದು ಲೇಸು. ಬೂಷ್ಟನ್ನು ಒಣಗಿದಂತೆಯೇ ಗುಡಿಸಿದರೆ ಕಣಗಳು ಮನೆಯೆಲ್ಲ ಹಾರುತ್ತವೆ, ಮೂಗಿಗೆ ಬಟ್ಟೆ ಕಟ್ಟಿ, ಕಿಟಕಿ ತೆರೆದು, ಸಾಬೂನುನೀರಿನ ಒದ್ದೆಬಟ್ಟೆಯಿಂದ ಒರೆಸಬೇಕು. ಬ್ಲೀಚಿಂಗ್ ಪುಡಿಯನ್ನೂ ಪಾಯಿಖಾನೆ ತೊಳೆಯುವ ಆಮ್ಲವನ್ನೂ ಎಂದಿಗೂ ಬೆರೆಸಬಾರದು, ಅದರಿಂದ ವಿಷಾನಿಲ ಹುಟ್ಟುತ್ತದೆ. ಬಣ್ಣಗಳಲ್ಲಿ ಸೀಸದ ಅಂಶ 90 ಪಿಪಿಎಂ ಮೀರಬಾರದೆಂಬ ನಿಯಮ ಜಾರಿಗೆ ಬಂದುದು 2017ರಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಒಣಗಿದ್ದಾಗ ಉಜ್ಜಿದರೆ ಸೀಸದ ಧೂಳು ಏಳಬಹುದು, ಆದ್ದರಿಂದ ನೆನೆಸಿ ಕೆರೆಸಬೇಕು, ಮಕ್ಕಳನ್ನು ದೂರವಿಡಬೇಕು.

ಇಷ್ಟರಿಂದಲೇ ಆರೋಗ್ಯದ ಮಾತು ಮುಗಿಯಲಿಲ್ಲ. ಪುಣೆಯ ಕಟ್ಟಡಗಳ ಮೇಲೆ ಜೋತಾಡುವ ಹಲಗೆಗಳಲ್ಲಿ ನಿಂತು ಗಾರೆ ಮಾಡುವವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರಗಳ ಕಡೆಯ ಕನ್ನಡಿಗರು ಅನೇಕರಿದ್ದಾರೆ. ಸಿಮೆಂಟು, ಸುಣ್ಣಗಳೆರಡೂ ತೀಕ್ಷ್ಣ ಕ್ಷಾರ. ಬರಿಗೈಯಲ್ಲಿ ಕಲಸಿದವರ ಚರ್ಮ ಸುಟ್ಟು ಬಿರಿಯುತ್ತದೆ. ಸುಣ್ಣ ಕಣ್ಣಿಗೆ ಸಿಡಿದರೆ ಉಜ್ಜದೆ, ತಕ್ಷಣ ಶುದ್ಧ ನೀರಿನಿಂದ ಇಪ್ಪತ್ತು ನಿಮಿಷವಾದರೂ ತೊಳೆಯುತ್ತಲೇ ಇದ್ದು ಕಣ್ಣಿನ ವೈದ್ಯರ ಬಳಿಗೆ ಒಯ್ಯಬೇಕು. ಗೋಡೆ ಕೊರೆಯುವಾಗ ಏಳುವ ಸಿಲಿಕಾ ಧೂಳು ವರ್ಷಗಟ್ಟಲೆ ಒಳಸೇರಿದರೆ ವಾಸಿಯಾಗದ ಶ್ವಾಸಕೋಶದ ಕಾಯಿಲೆ ತರುತ್ತದೆ, ನೀರು ಚಿಮುಕಿಸಿ ಕೊರೆದರೆ ಧೂಳು ಬಹಳ ಕಡಿಮೆಯಾಗುತ್ತದೆ. ಕೈಗವಸು, ಕನ್ನಡಕ, ಗಟ್ಟಿಯಾದ ಹಲಗೆ, ಸೊಂಟಕ್ಕೆ ಹಗ್ಗ ಇವು ಕಂತ್ರಾಟುದಾರನ ದಯೆಯ ಮಾತಲ್ಲ. ಕೆಲಸ ಕೊಡುವ ಸೊಸೈಟಿಯೇ ಇವನ್ನು ಕರಾರಿನಲ್ಲಿ ಬರೆಸಿ, ಅದರ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು. ತಮ್ಮ ಮನೆಯ ಮಗುವಿನ ಉಸಿರಿಗಾಗಿ ಗೋಡೆ ರಿಪೇರಿ ಮಾಡಿಸುವವರು, ಅದೇ ಗೋಡೆಯ ಮೇಲೆ ನಿಂತ ತಮ್ಮೂರವನ ಉಸಿರನ್ನು ಮರೆತರೆ ಆ ರಿಪೇರಿಗೆ ಅರ್ಥವಿಲ್ಲ.

ಇವೆಲ್ಲಕ್ಕೆ ಮೊದಲು ಬೇಕಾದುದು ಹಣವಲ್ಲ, ವರ್ಷಕ್ಕೆರಡು ಬಾರಿ ಒಂದೊಂದು ಗಂಟೆಯ ಬಿಡುವು. ಮಳೆಗೆ ಮುಂಚೆ ಮೇ ತಿಂಗಳಲ್ಲಿ ಮಾಳಿಗೆಯನ್ನು ಗುಡಿಸಿ, ನೀರಿನ ಕೊಳವೆಗಳ ಬಾಯಿ ತೆರೆದು, ಬೆರಳುದ್ದದ ಅರಳಿಯ ಸಸಿಯನ್ನು ಬೇರುಸಹಿತ ಕೀಳಬೇಕು. ದಸರೆಯ ರಜೆಯಲ್ಲಿ ಮನೆಯ ಸುತ್ತ ಒಮ್ಮೆ ನಡೆದು, ಗೋಡೆಯನ್ನು ತಟ್ಟಿ, ಬಿರುಕಿನ ಪಕ್ಕದಲ್ಲಿ ಬರೆದ ತಾರೀಖನ್ನು ನೋಡಬೇಕು. ಇಷ್ಟನ್ನು ತಪ್ಪದೆ ಮಾಡುವ ಮನೆಯಲ್ಲಿ ದೀಪಾವಳಿಯ ಬಣ್ಣ ಮುಂದಿನ ದೀಪಾವಳಿಯವರೆಗೂ ನಿಲ್ಲುತ್ತದೆ. ಮಗುವಿನ ಕೆಮ್ಮಿಗೆ ಬೇರೆ ಕಾರಣವಿದ್ದರೆ ಅದನ್ನು ಹುಡುಕುವುದು ವೈದ್ಯರಿಗೂ ಸುಲಭವಾಗುತ್ತದೆ.