ಬೇಹುಗಾರನಿಗೆ ಶಾಸನ ಉಂಟೇ? ಅಮರ ಸುಳ್ಯ 1837 ಮತ್ತು ಒಂದು ಪದಕದ ಓದು

ಪುತ್ತೂರು, ಸುಳ್ಯ, ಕಡಬದ ಕಡೆ 1837ರ ಅಮರ ಸುಳ್ಯ ದಂಗೆಯ ಮಾತು ಬಂದರೆ ಕೊನೆಗೆ ಒಂದು ಪ್ರಶ್ನೆ ಬಂದೇ ಬರುತ್ತದೆ: ಕಂಪನಿಗೆ ಸುದ್ದಿ ಕೊಟ್ಟದ್ದು ಯಾರು? ಉತ್ತರವಾಗಿ ಯಾವುದೋ ಮನೆತನದ ಹೆಸರು, ಕೆಲವೊಮ್ಮೆ ಒಂದು ಇಡೀ ಸಮುದಾಯದ ಹೆಸರು ತೇಲಿ ಬರುತ್ತದೆ. ಆಧಾರ ಏನು ಅಂತ ಕೇಳಿದರೆ "ಅವರಿಗೆ ಭೂಮಿ ಸಿಕ್ಕಿತ್ತಲ್ಲ", "ಪದಕ ಸಿಕ್ಕಿತ್ತಲ್ಲ" ಅನ್ನುತ್ತಾರೆ. ಭೂದಾನದ ಬರಹವೂ ಪದಕದ ಬರಹವೂ ಶಾಸನ ಓದುವ ನಮ್ಮ ಕೆಲಸಕ್ಕೆ ಸೇರಿದವು. ಹಾಗಾಗಿ, ಗುಪ್ತವಾಗಿ ಸುದ್ದಿ ಕೊಡುವವನು ಬರಹದಲ್ಲಿ ಎಲ್ಲಿ ಕಾಣುತ್ತಾನೆ, ಎಲ್ಲಿ ಕಾಣುವುದಿಲ್ಲ ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ಪದಗಳು

‘ಬೇಹು’ ದ್ರಾವಿಡ ಮೂಲದ ಪದ. ತಮಿಳಿನ ‘ವೇವು’ ಇದರ ಬಂಧು. ತಿರುಕ್ಕುರಳಿನಲ್ಲಿ ‘ಒಟ್ರಾಡಲ್’ ಎಂಬ ಒಂದು ಪೂರ್ತಿ ಅಧ್ಯಾಯವೇ ಬೇಹುಗಾರಿಕೆಗೆ ಮೀಸಲು. ‘ಹರಿಕಾರ’ ಪಾರಸಿಯ ‘ಹರ್‌ಕಾರಾ’ದಿಂದ ಬಂದದ್ದು. ಓಲೆ ಒಯ್ಯುವವನು, ಜತೆಗೆ ದಾರಿಯಲ್ಲಿ ಕಂಡದ್ದನ್ನು ಕೇಳಿದ್ದನ್ನು ಒಡೆಯನಿಗೆ ತಿಳಿಸುವವನು ಎಂಬುದು ಅದರ ಹಳೆಯ ಅರ್ಥ. ಈಗ ನಾವು ‘ಕ್ರಾಂತಿಯ ಹರಿಕಾರ’ ಅಂತ ಅದೇ ಪದವನ್ನು ಗೌರವಕ್ಕೆ ಬಳಸ್ತೇವೆ! ಪೊಲೀಸ್ ಕಡತಗಳ ‘ಬಾತ್ಮೀದಾರ’ ಮರಾಠಿಯ ಕಡೆಯಿಂದ ಬಂದವನು. ಜನರ ಬಾಯಲ್ಲಿ ಮಾತ್ರ ಇವರೆಲ್ಲರಿಗೂ ಒಂದೇ ಹೆಸರು: ಚಾಡಿಕೋರ. ಒಂದೇ ಕೆಲಸವನ್ನು ಆಳುವವನು ಒಂದು ಪದದಿಂದ ಕರೆದರೆ, ಆಳಿಸಿಕೊಳ್ಳುವವನು ಇನ್ನೊಂದರಿಂದ ಕರೆಯುತ್ತಾನೆ. ಮುಂದಿನ ವಿಷಯಕ್ಕೆ ಇದು ಮುಖ್ಯ.

ಕಲ್ಲಿನ ಮೇಲಿನ ವರದಿಗಾರ

ಅಶೋಕನ ಆರನೆಯ ಬಂಡೆಗಲ್ಲು ಶಾಸನದಲ್ಲಿ ‘ಪಟಿವೇದಕ’ ಎಂಬ ಪದ ಇದೆ. ತಾನು ಊಟಕ್ಕೆ ಕೂತಿರಲಿ, ಅಂತಃಪುರದಲ್ಲಿರಲಿ, ಉದ್ಯಾನದಲ್ಲಿರಲಿ, ಪ್ರಜೆಗಳ ಸುದ್ದಿಯನ್ನು ಪಟಿವೇದಕರು ತನಗೆ ಮುಟ್ಟಿಸಬೇಕು ಅನ್ನುತ್ತಾನೆ ಅರಸ. ಈ ಶಾಸನವನ್ನು ನಮಗೆ ಹತ್ತಿರದಲ್ಲಿ ನೋಡಬೇಕಾದರೆ ಆಂಧ್ರದ ಕರ್ನೂಲು ಜಿಲ್ಲೆಯ ಎರ್‍ರಗುಡಿಗೆ ಹೋಗಬೇಕು. ಸನ್ನತಿಯಲ್ಲಿ ಸಿಕ್ಕಿರುವುದು 12 ಮತ್ತು 14ನೆಯವು ಹಾಗೂ ಎರಡು ಪ್ರತ್ಯೇಕ ಶಾಸನಗಳು. ಗಮನಿಸಿ, ಇಲ್ಲಿ ಹುದ್ದೆಯ ಹೆಸರಿದೆ, ಆ ಹುದ್ದೆಯಲ್ಲಿದ್ದ ಒಬ್ಬನ ಹೆಸರೂ ಇಲ್ಲ.

ಆ ಕೆಲಸದ ಒಳಗಿನ ವ್ಯವಸ್ಥೆ ಗೊತ್ತಾಗುವುದು ಕೌಟಿಲೀಯ ಅರ್ಥಶಾಸ್ತ್ರದಿಂದ. ಅದರ ತಾಳೆಗರಿ ಪ್ರತಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದದ್ದು 1905ರಲ್ಲಿ, ಅಚ್ಚಾದದ್ದು 1909ರಲ್ಲಿ. ಗೂಢಪುರುಷರಲ್ಲಿ ಎರಡು ಬಗೆ. ಒಂದೆಡೆ ನೆಲೆ ನಿಂತು ಸುದ್ದಿ ಕೂಡಿಸುವವರು: ಶಿಷ್ಯನ ವೇಷದ ಕಾಪಟಿಕ, ಸನ್ಯಾಸ ಬಿಟ್ಟುಬಂದ ಉದಾಸ್ಥಿತ, ಒಕ್ಕಲು, ವ್ಯಾಪಾರಿ ಮತ್ತು ತಾಪಸ. ಇನ್ನುಳಿದವರು ಊರೂರು ತಿರುಗುವವರು: ಸತ್ರಿ, ತೀಕ್ಷ್ಣ, ರಸದ, ಭಿಕ್ಷುಕಿ. ಯಾರನ್ನು ಆರಿಸಬೇಕು ಎಂಬುದಕ್ಕೂ ಲೆಕ್ಕ ಇದೆ. ಬೇಸಾಯ ಕೆಟ್ಟ ಒಕ್ಕಲು, ವ್ಯಾಪಾರ ಮುಳುಗಿದ ವರ್ತಕ ಇಂಥವರನ್ನು ಹಿಡಿದು ಬಂಡವಾಳ ಕೊಡುವುದು. ಅವರು ಅದೇ ಕಸುಬನ್ನು ಮುಂದುವರಿಸುತ್ತಾ ಸುದ್ದಿ ಕೂಡಿಸುವುದು. ಸಂಬಳ ನೆಲೆನಿಂತವರಿಗೆ 1000 ಪಣ, ತಿರುಗುವವರಿಗೆ 500.

ನಿಭಾಯಿಸುವ ನಿಯಮಗಳು ಇನ್ನೂ ಬಿಗಿ. ಒಂದು ನೆಲೆಯವರಿಗೆ ಇನ್ನೊಂದು ನೆಲೆಯವರ ಗುರುತು ಗೊತ್ತಿರಬಾರದು. ಮೂರು ಕಡೆಯ ಸುದ್ದಿ ಒಂದೇ ಆಗಿದ್ದರೆ ಮಾತ್ರ ನಂಬಬೇಕು. ಪದೇ ಪದೇ ತಾಳೆಯಾಗದಿದ್ದರೆ ಅಂಥವನಿಗೆ ಗುಟ್ಟಾಗಿ ಶಿಕ್ಷೆ, ಇಲ್ಲವೇ ಕೆಲಸದಿಂದ ಬಿಡುಗಡೆ. ಇಬ್ಬರಿಂದಲೂ ಸಂಬಳ ಪಡೆಯುವ ‘ಉಭಯವೇತನ’ನ ಬಗೆಗೂ ಅಷ್ಟೇ ಎಚ್ಚರ.

ಈಗ ಶಾಸನದ ರಚನೆಯನ್ನು ನೆನಪಿಸಿಕೊಳ್ಳಿ. ದಾನ ಕೊಟ್ಟವನು, ಪಡೆದವನು, ಗಡಿ, ಸಾಕ್ಷಿಗಳು, ಬರೆದ ಸೇನಬೋವ, ಕೊನೆಗೆ ಶಾಪಾಶಯ. ಸಾಕ್ಷಿಯ ಬೆಲೆ ಇರೋದೇ ಅವನ ಹೆಸರು ನಾಲ್ಕು ಜನಕ್ಕೆ ಗೊತ್ತಿರೋದರಲ್ಲಿ. ಬೇಹಿನವನ ಬೆಲೆ ಇರೋದು ಗೊತ್ತಿಲ್ಲದಿರೋದರಲ್ಲಿ. ಯುದ್ಧದಲ್ಲಿ ಮಡಿದವನ ಮನೆಯವರಿಗೆ ನೆತ್ತರುಗೊಡಗೆ ಕೊಟ್ಟು ಕಲ್ಲು ನಿಲ್ಲಿಸುತ್ತಿದ್ದರು, ನಿಜ. ಸುದ್ದಿ ತಂದವನ ಹೆಸರನ್ನು ಕಲ್ಲಿಗೆ ಹಾಕಿದರೆ ಅವನ ಕೆಲಸ ಅಲ್ಲಿಗೇ ಮುಗಿಯಿತು, ಬಹುಶಃ ಜೀವವೂ.

ಅಮರ ಸುಳ್ಯದಲ್ಲಿ ಆದದ್ದು

1834ರಲ್ಲಿ ಕಂಪನಿ ಸರಕಾರ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ನುಂಗಿತು. ಅಲ್ಲಿವರೆಗೆ ಕೊಡಗಿಗೆ ಸೇರಿದ್ದ ಅಮರ ಸುಳ್ಯ, ಪುತ್ತೂರು ಸೀಮೆಯನ್ನು ಕನ್ನಡ ಜಿಲ್ಲೆಗೆ ಸೇರಿಸಿತು. ಬೆಳೆಯ ರೂಪದಲ್ಲಿ ಕೊಡುತ್ತಿದ್ದ ತೆರಿಗೆಯನ್ನು ಇನ್ನು ನಗದಾಗಿ ಕೊಡಬೇಕೆಂದಾಯಿತು. 1837ರಲ್ಲಿ ರೈತರು ಎದ್ದರು. ಕೆದಂಬಾಡಿ ರಾಮಯ್ಯ ಗೌಡರ ಮುಂದಾಳತ್ವದಲ್ಲಿ ಸುಳ್ಯ ಸೀಮೆಯಿಂದ ಹೊರಟ ದಂಡು ಬೆಳ್ಳಾರೆ, ಪುತ್ತೂರು, ಬಂಟ್ವಾಳ ದಾಟಿ ಏಪ್ರಿಲ್ 5ರಂದು ಮಂಗಳೂರನ್ನು ಹಿಡಿಯಿತು. ಸುಮಾರು ಎರಡು ವಾರ ಮಂಗಳೂರು ಅವರ ಕೈಯಲ್ಲಿತ್ತು. ಬಾವುಟಗುಡ್ಡೆಯ ಹೆಸರನ್ನು ಜನ ಈ ಘಟನೆಗೇ ಜೋಡಿಸುತ್ತಾರೆ.

ಇಲ್ಲಿ ಕಂಪನಿಯ ಮೊದಲ ತೊಡಕು ಸುದ್ದಿಯದ್ದೇ. ದಂಗೆ ನಡೆದದ್ದು ಕಲ್ಯಾಣಸ್ವಾಮಿಯ ಹೆಸರಿನಲ್ಲಿ. ಆದರೆ ಆ ಹೆಸರಿನವನು ಆಗಲೇ ಬಂಧನದಲ್ಲಿದ್ದ. ಅವನ ಹೆಸರು ಹೊತ್ತು ದಂಡಿನ ಮುಂದೆ ನಿಂತವನು ಪುಟ್ಟಬಸಪ್ಪ. ಮುಖ ಯಾರದ್ದು, ಹೆಸರು ಯಾರದ್ದು ಎಂದು ಹೇಳಬಲ್ಲವರು ಊರೊಳಗಿನವರು ಮಾತ್ರ. ಎರಡನೆಯ ತೊಡಕು ಅದಕ್ಕಿಂತ ದೊಡ್ಡದು: ತನ್ನವರು ಯಾರು ಎಂಬುದೇ ಕಂಪನಿಗೆ ಸ್ಪಷ್ಟವಿರಲಿಲ್ಲ. ದಂಗೆಯ ಮುಂದಾಳುಗಳಲ್ಲಿ ಒಬ್ಬರಾದ ಗುಡ್ಡೆಮನೆ ಅಪ್ಪಯ್ಯ ಗೌಡರು ಕಂಪನಿಯ ಕೈಕೆಳಗಿನ ಸುಬೇದಾರರೇ. ಅವರನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಲಾಯಿತು. ಕೊಡಗಿನ ದಿವಾನರಾಗಿದ್ದ ಲಕ್ಷ್ಮೀನಾರಾಯಣಯ್ಯನವರನ್ನು ದಂಗೆಕೋರರೊಡನೆ ಸಂಪರ್ಕವಿದೆಯೆಂಬ ಶಂಕೆಯ ಮೇಲೆ ಸೆರೆಹಿಡಿದರು. ಇನ್ನೊಬ್ಬ ದಿವಾನ ಬೋಪು ಕಂಪನಿಯ ಪರ ನಿಂತು ದಂಗೆ ಅಡಗಿಸಿದರು. ಒಂದೇ ಕಚೇರಿಯಲ್ಲಿ ಕೂತಿದ್ದವರ ಹಣೆಬರಹ ಹೀಗೆ ಬೇರೆಬೇರೆ.

ಪದಕ ಏನು ಹೇಳುತ್ತದೆ?

ದಂಗೆ ಮುಗಿದ ಮೇಲೆ ಕಂಪನಿ ಕೊಡಗಿನ ನಿಷ್ಠರಿಗೆ ಪದಕ ಹಾಕಿಸಿತು. ಚಿನ್ನದವು 44, ಬೆಳ್ಳಿಯವು 300. ಅಗಲ ಸುಮಾರು ಎರಡು ಅಂಗುಲ. ಒಂದು ಬದಿಯಲ್ಲಿ ಹೋರಾಟದ ಭಂಗಿಯ ಕೊಡಗಿನ ಯೋಧ, ಸುತ್ತ ಕನ್ನಡದ ಬರಹ. ಇನ್ನೊಂದು ಬದಿಯಲ್ಲಿ ಆಯುಧಗಳ ಅಲಂಕಾರದ ನಡುವೆ ಇಂಗ್ಲಿಷ್ ಬರಹ. ಅಂದರೆ ಇದು ದ್ವಿಭಾಷಾ ಲೋಹಶಾಸನ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಬೇಕು.

ಕನ್ನಡ ಬರಹದ ಸಾರ: 1837ರ ಏಪ್ರಿಲ್, ಮೇ ತಿಂಗಳಲ್ಲಿ ದಂಗೆ ಅಡಗಿಸುವಾಗ ಕಂಪನಿ ಸರಕಾರಕ್ಕೆ ತೋರಿದ ನಿಷ್ಠೆಗಾಗಿ ಕೊಟ್ಟ ಮೆಚ್ಚುಗೆಯ ಗುರುತು. ಇಂಗ್ಲಿಷ್ ಬರಹದಲ್ಲಿ ವಿಶಿಷ್ಟ ನಡತೆ ಮತ್ತು ನಿಷ್ಠೆಯ ಪ್ರಸ್ತಾಪವಿದ್ದು, ಏಪ್ರಿಲ್ ಮಾತ್ರ ನಮೂದಾಗಿದೆ. ‘ದಂಗೆ’ಯ ಮಾತು ಕನ್ನಡದಲ್ಲಿದೆ, ಇಂಗ್ಲಿಷಿನಲ್ಲಿ ಇಲ್ಲ. ಕನ್ನಡ ಬದಿಯನ್ನು ಓದುವವರು ಅಕ್ಕಪಕ್ಕದ ಊರಿನವರು. ಯಾವುದಕ್ಕೆ ಮೆಚ್ಚುಗೆ ಅನ್ನೋದು ಅವರಿಗೇ ತಿಳಿಯಬೇಕಿತ್ತು ಎಂದು ನನ್ನ ಓದು.

ಈ ಬರಹದಲ್ಲಿ ‘ಸುದ್ದಿ ಕೊಟ್ಟದ್ದಕ್ಕೆ’ ಎಂಬರ್ಥದ ಒಂದು ಪದವೂ ಇಲ್ಲ. ಪದಕ ಎದೆಯ ಮೇಲೆ ಎಲ್ಲರಿಗೂ ಕಾಣುವಂತೆ ತೊಡುವ ವಸ್ತು. ಗುಟ್ಟಾಗಿ ಸುದ್ದಿ ಕೊಟ್ಟವನಿಗೆ ಯಾವ ಆಡಳಿತವೂ ಅದನ್ನು ತೊಡಿಸುವುದಿಲ್ಲ, ತೊಡಿಸಿದರೆ ಅವನನ್ನು ತಾನೇ ಹಿಡಿದುಕೊಟ್ಟಂತೆ. ಬಹಿರಂಗವಾಗಿ ಒಂದು ಪಕ್ಷ ವಹಿಸಿದವನ ಗುರುತು ಪದಕ. ಆ ಪಕ್ಷವನ್ನು ನಾವು ಇಂದು ಒಪ್ಪಬಹುದು, ಒಪ್ಪದೆ ಇರಬಹುದು. ಆದರೆ ‘ಪದಕ ಸಿಕ್ಕಿದೆ, ಆದ್ದರಿಂದ ಚಾಡಿಕೋರ’ ಎಂಬ ತೀರ್ಮಾನ ಬರಹದಿಂದ ಹೊರಡುವುದಿಲ್ಲ.

ಕಾನೂನು ಇಂದಿಗೂ ಇದೇ ದಾರಿಯಲ್ಲಿದೆ. 1872ರ ಸಾಕ್ಷ್ಯ ಕಾಯ್ದೆಯ 125ನೆಯ ಕಲಮಿನ ಪ್ರಕಾರ, ಅಪರಾಧದ ಸುದ್ದಿ ಎಲ್ಲಿಂದ ಬಂತೆಂದು ಹೇಳುವಂತೆ ಪೊಲೀಸ್ ಅಧಿಕಾರಿಯನ್ನು ಬಲವಂತ ಮಾಡುವ ಹಾಗಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಆ ನಿಯಮ 131ನೆಯ ಕಲಮಾಗಿ ಉಳಿದಿದೆ. ‘ಖಚಿತ ಮಾಹಿತಿ ಮೇರೆಗೆ’ ಎಂಬ ಪತ್ರಿಕೆಯ ಸಾಲಿನ ಹಿಂದೆ ಇರುವ ಮೌನ ಇದು.

ಓದುವವರಿಗೆ ಕೆಲವು ಮಾತು

ಒಂದು, ಊರಿನ ಹೆಸರನ್ನು ಖಾತ್ರಿ ಮಾಡಿಕೊಳ್ಳಿ. ರಾಷ್ಟ್ರಕೂಟ ಮೂರನೆಯ ಗೋವಿಂದನ 812ರ ‘ಕಡಬ ತಾಮ್ರಪಟ’ ತುಮಕೂರು ಜಿಲ್ಲೆ ಗುಬ್ಬಿ ತಾಲೂಕಿನ ಕಡಬದ್ದು, ನಮ್ಮ ಕಡಬದ್ದಲ್ಲ. ಎರಡು, ಬರೆಸಿದವರು ಯಾರು ನೋಡಿ. ‘ಕಲ್ಯಾಣಪ್ಪನ ಕಾಟಕಾಯಿ’ ಎಂಬ ಹೆಸರಿನಲ್ಲೇ ಲೂಟಿಯ ಆರೋಪ ಇದೆ. ಸುಬ್ರಹ್ಮಣ್ಯದ ಬಳಿಯ ಕುಳ್ಕುಂದದಲ್ಲಿ ಹುಟ್ಟಿದ ನಿರಂಜನರು ಅದೇ ಘಟನೆಯ ಮೇಲೆ ‘ಕಲ್ಯಾಣಸ್ವಾಮಿ’ ಕಾದಂಬರಿ ಬರೆದಾಗ ದಂಗೆ ಜನರ ಹೋರಾಟವಾಯಿತು. 2022ರಲ್ಲಿ ರಾಮಯ್ಯ ಗೌಡರ ಪ್ರತಿಮೆ ಬಾವುಟಗುಡ್ಡೆಯಲ್ಲಿ ನಿಂತಿತು. ಮೂರು, ಕೌಟಿಲ್ಯನ ಮೂರು ಬಾಯಿಯ ನಿಯಮ ನಮಗೂ ಅನ್ವಯಿಸುತ್ತದೆ: ಬರಹ, ಕಚೇರಿಯ ಕಡತ ಮತ್ತು ಊರ ನೆನಪು ಮೂರೂ ತಾಳೆಯಾಗುವ ತನಕ ಯಾರ ಮನೆತನದ ಮೇಲೂ ದ್ರೋಹದ ಹಣೆಪಟ್ಟಿ ಬೇಡ. ಆ ಮನೆಗಳಲ್ಲಿ ಇಂದು ಇರುವ ಮಕ್ಕಳಿಗೆ 1837ರ ಲೆಕ್ಕ ಕಟ್ಟುವ ಹಕ್ಕು ನಮಗಿಲ್ಲ.

ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಹಳೆಯ ನಿರೂಪವೋ ತಾಳೆಗರಿಯೋ ಪದಕವೋ ಇದ್ದರೆ ತೊಳೆಯಲು, ಉಜ್ಜಲು ಹೋಗಬೇಡಿ. ಎರಡೂ ಬದಿಯ ಚಿತ್ರ ತೆಗೆಯಿರಿ, ಅಳತೆ ಬರೆದಿಡಿ, ಅದು ಮನೆಗೆ ಹೇಗೆ ಬಂತೆಂದು ಹಿರಿಯರು ಹೇಳುವುದನ್ನು ಅವರ ಮಾತಲ್ಲೇ ದಾಖಲಿಸಿ. ಏನು ಬರೆದಿದೆಯೋ ಅಷ್ಟನ್ನು ಮೊದಲು ಓದೋಣ.