ಹೊದಿಕೆಯನ್ನೂ ತಿನ್ನಬಹುದೇ?

ಪ್ರಶ್ನೆ: ಕಡಲಿನ ಪದಾರ್ಥಗಳಿಂದ ತಿನ್ನಬಹುದಾದ ಪ್ಯಾಕಿಂಗ್ ಹಾಳೆ ಮಾಡುತ್ತಾರಂತೆ, ನಿಜವೇ? ಅದರಲ್ಲಿ ಮಂಡಕ್ಕಿ–ಮಿರ್ಚಿ ಕಟ್ಟಿಕೊಡಬಹುದೇ?
– ಓದುಗರೊಬ್ಬರು, ಅರಸೀಕೆರೆ, ಹರಪನಹಳ್ಳಿ ತಾಲ್ಲೂಕು

ಉತ್ತರ: ನಿಜ. ಕಂದು ಕಡಲಪಾಚಿಯಿಂದ ಆಲ್ಜಿನೇಟ್, ಕೆಂಪು ಪಾಚಿಯಿಂದ ಅಗರ್ ಮತ್ತು ಕ್ಯಾರಜೀನನ್, ಸಿಗಡಿ–ಏಡಿಗಳ ಚಿಪ್ಪಿನಿಂದ ಕೈಟೋಸಾನ್ ಸಿಗುತ್ತವೆ. ಪುಡ್ಡಿಂಗ್‌ಗೆ ಹಾಕುವ ‘ಚೈನಾ ಗ್ರಾಸ್’ ಅಗರ್ ಅಲ್ಲದೆ ಬೇರೇನಲ್ಲ. ಪಾಚಿಯ ಪುಡಿಯನ್ನು ನೀರಿನಲ್ಲಿ, ಕೈಟೋಸಾನನ್ನು ತೆಳು ಆಮ್ಲದಲ್ಲಿ ಕರಗಿಸಿ, ಬಿರುಕು ಬಿಡದಂತೆ ತುಸು ಗ್ಲಿಸರಿನ್ ಬೆರೆಸಿ, ಸಂಡಿಗೆಯಂತೆ ತೆಳ್ಳಗೆ ಹರಡಿ ಒಣಗಿಸಿದರೆ ಹಾಳೆ ಸಿದ್ಧ.

ನಮ್ಮ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲೇ (ಸಿಎಫ್‌ಟಿಆರ್‌ಐ) ಇದರ ಪ್ರಯೋಗ ನಡೆದಿದೆ. ಅಲ್ಲಿನ ವಿಜ್ಞಾನಿಗಳು ಆಪೂಸು ಮಾವನ್ನು ರಟ್ಟಿನ ಪೆಟ್ಟಿಗೆಗಳಲ್ಲಿಟ್ಟು, ಕೆಲವಕ್ಕೆ ಪಾಲಿಥಿನ್, ಕೆಲವಕ್ಕೆ ಕೈಟೋಸಾನ್ ಹಾಳೆ ಹೊದಿಸಿದರು. 2002ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಪಾಲಿಥಿನ್ ಹೊದಿಕೆಯ ಹಣ್ಣು ಸುಮಾರು 9 ದಿನಕ್ಕೇ ಹುಳಿವಾಸನೆ, ಬೂಸ್ಟು ಹಿಡಿಯಿತು. ಕೈಟೋಸಾನ್ ಹೊದಿಕೆಯದು 18 ದಿನಗಳವರೆಗೆ ಬಾಳಿತು. ಹಣ್ಣು ಬಿಡುವ ಆವಿಯನ್ನು ಈ ಹಾಳೆ ಹೊರಹೋಗಲು ಬಿಡುತ್ತದೆ.

ಲಂಡನ್ನಿನ ನೋಟ್‌ಪ್ಲಾ ಸಂಸ್ಥೆ 2019ರ ಲಂಡನ್ ಮ್ಯಾರಥಾನ್‌ನಲ್ಲಿ ಓಟಗಾರರಿಗೆ ಪಾಚಿಯ ಪುಟ್ಟ ಚೀಲಗಳಲ್ಲಿ ಪಾನೀಯ ಕೊಟ್ಟಿತ್ತು. ಕಚ್ಚಿ ಕುಡಿದು, ಸಿಪ್ಪೆಯನ್ನೂ ನುಂಗಬಹುದಿತ್ತು.

ಇನ್ನು ಮಂಡಕ್ಕಿ–ಮಿರ್ಚಿ. ಈ ಹಾಳೆಗಳು ಎಣ್ಣೆಯನ್ನು ಚೆನ್ನಾಗಿ ತಡೆಯುತ್ತವೆ, ತೇವವನ್ನಲ್ಲ. ಬಿಸಿ ಮಿರ್ಚಿಯ ಹಬೆಗೆ ಹಾಳೆ ಮೆತ್ತಗಾಗುತ್ತದೆ. ಹೊರಗಿನ ತೇವ ಒಳಬಂದು ಮಂಡಕ್ಕಿಯ ಗರಿಗರಿ ಹೋಗುತ್ತದೆ. ಆರಿದ ಖಾರ, ಶೇಂಗಾ ಚಿಕ್ಕಿಗಳಿಗೆ ಒಳಹೊದಿಕೆಯಾಗಿ ಬಳಸಬಹುದು. ಆದರೆ ತಿನ್ನುವ ಹಾಳೆಗೆ ಧೂಳು ತಾಗದಂತೆ ಹೊರಗೊಂದು ಕಾಗದ ಬೇಕೇ ಬೇಕು. ಸಿಗಡಿ, ಏಡಿ ಒಗ್ಗದವರು ಕೈಟೋಸಾನ್ ಹಾಳೆಯನ್ನು ತಿನ್ನದಿರುವುದು ಕ್ಷೇಮ.