ರಕ್ತದ ಎರಡನೆಯ ಬಾಲ್ಯ

ರಕ್ತದ ಕ್ಯಾನ್ಸರಿಗೆ ಗುರಿಯಾದ ಕೆಲವರಿಗೆ ಅಸ್ಥಿಮಜ್ಜೆಯ ಕಸಿ ಮಾಡುವರೆಂಬುದನ್ನು ನೀವು ಕೇಳಿರುತ್ತೀರಿ. ಪ್ರಬಲ ಔಷಧಿಗಳಿಂದ, ಕೆಲವೊಮ್ಮೆ ವಿಕಿರಣದಿಂದಲೂ, ರೋಗಿಯ ಹಳೆಯ ಮಜ್ಜೆಯನ್ನು ಅಡಗಿಸಿ, ದಾನಿಯ ಆಕರಕೋಶಗಳನ್ನು, ಎಂದರೆ ರಕ್ತಕಣಗಳಿಗೆಲ್ಲ ಮೂಲವಾದ ಕೋಶಗಳನ್ನು, ರಕ್ತನಾಳಕ್ಕೆ ಹರಿಸುತ್ತಾರೆ. ಅವು ತಾವಾಗಿಯೇ ಮೂಳೆಯೊಳಗಿನ ನೆಲೆಯನ್ನು ಸೇರಿ ಬೇರೂರುತ್ತವೆ. 1957ರಲ್ಲಿಯೇ ಈ ದಾರಿಯನ್ನು ತೆರೆದ ಅಮೆರಿಕದ ವೈದ್ಯ ಡೊನಾಲ್ ಥಾಮಸ್ ಅವರಿಗೆ 1990ರ ನೊಬೆಲ್ ಬಹುಮಾನದಲ್ಲಿ ಪಾಲು ದೊರೆಯಿತು.

ಕಸಿಯ ಅನಂತರದ ಒಂದೆರಡು ವರ್ಷಗಳನ್ನು ಕುರಿತು ನಾಲ್ಕು ಮಾತು ಹೇಳಬೇಕೆಂಬುದು ನನ್ನ ಉದ್ದೇಶ.

ಎರಡರಿಂದ ನಾಲ್ಕು ವಾರಗಳಲ್ಲಿ ನ್ಯೂಟ್ರೊಫಿಲ್ ಎಂಬ ಬಿಳಿಯ ಕಣಗಳು ಕಾಣಿಸಿಕೊಳ್ಳುತ್ತವೆ. ಬ್ಯಾಕ್ಟೀರಿಯಗಳನ್ನು ನುಂಗಿಹಾಕುವ ಇವುಗಳಿಗೆ ಹೆಚ್ಚಿನ ಶಿಕ್ಷಣ ಬೇಕಿಲ್ಲ. ರಕ್ತಪರೀಕ್ಷೆಯ ಅಂಕಿಗಳು ಏರುತ್ತವೆ. ಮನೆಯವರ ಜೀವಕ್ಕೆ ಸಮಾಧಾನವಾಗುತ್ತದೆ. ಆದರೆ ವೈರಸ್ಸುಗಳನ್ನು ಗುರುತಿಸಿ ನೆನಪಿಟ್ಟುಕೊಳ್ಳುವ ಟಿ ಕೋಶಗಳ ವಿಚಾರ ಬೇರೆ. ಹೊಸದಾಗಿ ಹುಟ್ಟುವ ಟಿ ಕೋಶಗಳು ಎದೆಗೂಡಿನ ಥೈಮಸ್ ಗ್ರಂಥಿಯಲ್ಲಿ ತಮ್ಮವರಾರು, ಹೊರಗಿನವರಾರು ಎಂಬ ಪಾಠವನ್ನು ಕಲಿತು ಬರಬೇಕು. ವಯಸ್ಸಾದಂತೆ ಈ ಗ್ರಂಥಿ ಕುಗ್ಗುತ್ತದೆ. ಆದಕಾರಣ ಮಕ್ಕಳಲ್ಲಿ ಬೇಗ ಕೂಡಿಬರುವ ಶಕ್ತಿ ಹಿರಿಯರಲ್ಲಿ ವರ್ಷ ಕಳೆದರೂ, ಕೆಲವೊಮ್ಮೆ ಎರಡು ವರ್ಷ ಕಳೆದರೂ ಪೂರ್ಣವಾಗದು.

ಇನ್ನೊಂದು ತೊಡಕೂ ಉಂಟು. ದಾನಿಯ ಕೋಶಗಳು ರೋಗಿಯ ಒಡಲನ್ನೇ ಪರಕೀಯವೆಂದು ಬಗೆದು ಕಾದಾಡಬಹುದು. ಅದನ್ನು ತಡೆಯುವ ಔಷಧಿಗಳು ರೋಗನಿರೋಧಕ ಶಕ್ತಿಯನ್ನೂ ಕುಂದಿಸುತ್ತವೆ. ವಿಚಿತ್ರವೆಂದರೆ, ಅಳಿದುಳಿದ ಕ್ಯಾನ್ಸರ್ ಕೋಶಗಳನ್ನು ಹುಡುಕಿ ಕೊಲ್ಲುವುದೂ ದಾನಿಯಿಂದ ಬಂದ ಈ ಸೈನ್ಯವೇ. ಅದನ್ನು ಪೂರ್ತಿಯಾಗಿ ಕಟ್ಟಿಹಾಕುವಂತೆಯೂ ಇಲ್ಲ, ಸ್ವೇಚ್ಛೆಯಾಗಿ ಬಿಡುವಂತೆಯೂ ಇಲ್ಲ.

ಈ ನಡುವೆ, ಎಳವೆಯಲ್ಲಿ ಹಾಕಿಸಿದ ಲಸಿಕೆಗಳ ನೆನಪು ಬಹುಮಟ್ಟಿಗೆ ಅಳಿಸಿಹೋಗಿರುತ್ತದೆ. ಐವತ್ತರ ಗೃಹಸ್ಥರೂ ಕೂಸಿನಂತೆ ಧನುರ್ವಾಯು, ಗಂಟಲಮಾರಿ, ನಾಯಿಕೆಮ್ಮುಗಳ ಲಸಿಕೆಗಳನ್ನು ಮೊದಲಿನಿಂದ ಹಾಕಿಸಿಕೊಳ್ಳಬೇಕಾಗುತ್ತದೆ. ದಡಾರದ ಲಸಿಕೆಯಲ್ಲಿರುವುದು ದುರ್ಬಲಗೊಳಿಸಿದ ಜೀವಂತ ವೈರಸ್ಸು. ಅದಕ್ಕೆ ಸಾಮಾನ್ಯವಾಗಿ ಎರಡು ವರ್ಷವಾದರೂ ಕಾಯಬೇಕು. ನರಗಳಲ್ಲಿ ಅಡಗಿದ್ದ ಹಳೆಯ ವೈರಸ್ಸು ಸರ್ಪಸುತ್ತಾಗಿ ತಲೆಯೆತ್ತುವುದೂ ಉಂಟು.

ಕಾಯಿಲೆಯವರು ಆಸ್ಪತ್ರೆಯಿಂದ ಬಂದರೆಂದರೆ ಬಂಧುಬಳಗ ನೋಡಲು ಬರುವುದು ನಮ್ಮಲ್ಲಿ ವಾಡಿಕೆ. ಬರುವುದು ಪ್ರೀತಿಯಿಂದಲೇ, ನಿಜ. ಆದರೂ ನೆಗಡಿ ಕೆಮ್ಮು ಇರುವವರು ಬಾಗಿಲಿಂದಲೇ ಹಿಂದಿರುಗುವುದು, ಮನೆಮಂದಿ ವೈದ್ಯರನ್ನು ಕೇಳಿ ತಮ್ಮ ಲಸಿಕೆಗಳನ್ನು ಹಾಕಿಸಿಕೊಳ್ಳುವುದು, ಇವೂ ಚಿಕಿತ್ಸೆಯ ಅಂಗಗಳೆಂದೇ ನಾನು ಭಾವಿಸುತ್ತೇನೆ. ಮುಖದ ಕಳೆ ಮರಳಿದ ಮಾತ್ರಕ್ಕೆ ಒಳಗಿನ ಕಲಿಕೆ ಮುಗಿಯಿತೆಂದು ಯಾರೂ ಎಣಿಸಬಾರದು.